ಬಟನ್ನಿಗೆ ಅರ್ಥ ಬಂದ ಬಗೆ

ಮೊಬೈಲಿನಲ್ಲಿ ಕರೆ ಮಾಡುವ ಅಂಕಿಮಣೆಯನ್ನು ಒಮ್ಮೆ ತೆರೆಯಿರಿ, ಆಮೇಲೆ ಕ್ಯಾಲ್ಕುಲೇಟರನ್ನು ತೆರೆಯಿರಿ. ಕರೆ ಮಾಡುವ ಕಡೆ 1, 2, 3 ಮೇಲಿನ ಸಾಲಿನಲ್ಲಿವೆ. ಲೆಕ್ಕ ಮಾಡುವ ಕಡೆ ಅದೇ ಜಾಗದಲ್ಲಿ 7, 8, 9 ಇವೆ. ಎರಡೂ ಒಂದೇ ಗಾಜಿನ ಮೇಲೆ ಮೂಡುವ ಚಿತ್ರಗಳು, ಎರಡನ್ನೂ ಒತ್ತುವುದು ಅದೇ ಹೆಬ್ಬೆರಳು. ಆದರೂ ಕ್ರಮ ತಲೆಕೆಳಗು. ಒಂದು ಮಣೆ ಲೆಕ್ಕಪತ್ರದ ಗುಮಾಸ್ತರ ಕೈಯಲ್ಲಿ ಬೆಳೆದದ್ದು, ಇನ್ನೊಂದು ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಸುಮಾರು ಅರ್ಧ ಶತಮಾನದ ಅಂತರದಲ್ಲಿ ಬಂದ ಈ ಎರಡು ಮಣೆಗಳು ಇಂದಿಗೂ ಒಂದಕ್ಕೊಂದು ಹೊಂದಿಕೊಂಡಿಲ್ಲ.

ಕೀಪ್ಯಾಡ್ ಎಂಬುದು ಯಂತ್ರದ ಅತ್ಯಂತ ಅಗ್ಗದ ಭಾಗಗಳಲ್ಲೊಂದು. ರಬ್ಬರಿನ ಒಂದು ಹಾಳೆ, ಕೆಳಗೆ ತಾಮ್ರದ ಗೆರೆಗಳು, ಮೇಲೆ ಅಚ್ಚಾದ ಅಂಕಿಗಳು. ಆದರೆ ಎಟಿಎಂ, ಮತಯಂತ್ರ, ಬಸ್ಸಿನ ಟಿಕೆಟ್ ಯಂತ್ರ, ಡೇರಿಯಲ್ಲಿ ಹಾಲು ಅಳೆಯುವ ಯಂತ್ರ ಇವೆಲ್ಲವೂ ಮನುಷ್ಯನ ಮಾತು ಕೇಳುವುದು ಈ ಹಾಳೆಯ ಮೂಲಕವೇ. ಬಟನ್ನು ತಾನಾಗಿ ಏನನ್ನೂ ಹೇಳುವುದಿಲ್ಲ. ಒತ್ತಿದರು ಎಂಬ ಸುದ್ದಿಯನ್ನಷ್ಟೇ ಮುಟ್ಟಿಸುತ್ತದೆ. ಆ ಸುದ್ದಿಗೆ ಅರ್ಥ ಕೊಡುವವರು ಯಾರು, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟರು ಎಂಬುದೇ ಕೀಪ್ಯಾಡಿನ ಚರಿತ್ರೆ.

ಲೆಕ್ಕದ ಮಣೆ, ಕರೆಯ ಮಣೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಡಾರ್ ಫೆಲ್ಟ್ ರೂಪಿಸಿದ ಕಾಂಪ್ಟೋಮೀಟರಿನಲ್ಲಿ ಬಿಡಿ, ಹತ್ತು, ನೂರು ಎಂಬ ಒಂದೊಂದು ಸ್ಥಾನಕ್ಕೂ ಒಂಬತ್ತು ಬಟನ್‌ಗಳ ಪ್ರತ್ಯೇಕ ಕಂಬಸಾಲು ಇತ್ತು. ಎಂಟು ಸ್ಥಾನಗಳ ಯಂತ್ರವೆಂದರೆ 72 ಬಟನ್. ಪಳಗಿದ ಕೈಗೆ ಅದರಲ್ಲಿ ಅಪಾರ ವೇಗ ಸಿಗುತ್ತಿತ್ತು, ಆದರೆ ಪಳಗುವುದಕ್ಕೆ ಬಹಳ ಕಾಲ ಬೇಕಿತ್ತು. 1914ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಊರಿನ ಸಂಡ್‌ಸ್ಟ್ರಾಂಡ್ ಸಹೋದರರ ಯಂತ್ರ ಈ ಕಾಡನ್ನು ಹತ್ತು ಬಟನ್‌ಗಳಿಗೆ ಇಳಿಸಿತು. ಮೂರು ಸಾಲು, ಮೂರು ಕಂಬ, ಮೇಲೆ 7-8-9, ತಳದಲ್ಲಿ ಸೊನ್ನೆ. ಮಣೆಯನ್ನು ನೋಡದೆ ಬಲಗೈಯಿಂದ ಅಂಕಿ ಒತ್ತುತ್ತ, ಎಡಗೈಯಿಂದ ಬಿಲ್ಲುಗಳನ್ನು ಮಗುಚುವುದು ಸಾಧ್ಯವಾಯಿತು. ಇಂದಿನ ಕಂಪ್ಯೂಟರ್ ಕೀಬೋರ್ಡಿನ ಬಲಬದಿಯ ಅಂಕಿಮಣೆ ಅದೇ ವಂಶದ್ದು.

ಟೆಲಿಫೋನಿನವರು ಬೇರೆ ದಾರಿ ಹಿಡಿದರು. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಕಾರ್ಲಿನ್ ಎಂಬ ಮನೋವಿಜ್ಞಾನಿಯ ತಂಡವಿತ್ತು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಕಾರ್ಲಿನ್, ಯಂತ್ರವನ್ನು ಮನುಷ್ಯನಿಗೆ ಒಗ್ಗಿಸುವುದನ್ನೇ ಉದ್ಯೋಗ ಮಾಡಿಕೊಂಡವರು. ಡಯಲ್ ತಿರುಗಿಸುವ ಬದಲು ಬಟನ್ ಒತ್ತುವುದಾದರೆ ಅಂಕಿಗಳನ್ನು ಹೇಗೆ ಜೋಡಿಸಬೇಕು ಎಂಬ ಪ್ರಶ್ನೆಗೆ ಅವರು ಮೇಜಿನ ಮುಂದೆ ಕುಳಿತು ಉತ್ತರ ಬರೆಯಲಿಲ್ಲ. ಜನರನ್ನು ಕರೆತಂದರು. ವೃತ್ತಾಕಾರ, ಎರಡು ಅಡ್ಡಸಾಲು, ಎರಡು ಕಂಬಸಾಲು, ಕ್ಯಾಲ್ಕುಲೇಟರಿನ ಕ್ರಮ, ಅದರ ತಿರುವು ಹೀಗೆ ಹತ್ತಕ್ಕೂ ಹೆಚ್ಚು ಜೋಡಣೆಗಳನ್ನು ಅವರ ಮುಂದಿಟ್ಟರು. ಎಷ್ಟು ಬೇಗ ಒತ್ತುತ್ತಾರೆ, ಎಷ್ಟು ತಪ್ಪುತ್ತಾರೆ, ಯಾವುದನ್ನು ಇಷ್ಟಪಡುತ್ತಾರೆ ಎಂದು ಅಳೆದರು. ಬಟನ್ನಿನ ಗಾತ್ರ ಎಷ್ಟಿರಬೇಕು, ಎಷ್ಟು ಬಲಕ್ಕೆ ಇಳಿಯಬೇಕು, ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನೂ ಪರೀಕ್ಷಿಸಿದರು. ಈ ಕೆಲಸದ ಫಲವನ್ನು ಆರ್. ಎಲ್. ಡೈನಿಂಗರ್ 1960ರಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1955ರಲ್ಲಿ, ಮೇರಿ ಲುಟ್ಜ್ ಮತ್ತು ಆಲ್ಫೋನ್ಸ್ ಚಾಪಾನಿಸ್ ಇನ್ನೂ ಸರಳವಾದ ಪ್ರಶ್ನೆ ಕೇಳಿದ್ದರು: ಖಾಲಿ ಬಟನ್‌ಗಳನ್ನು ಕೊಟ್ಟರೆ ಜನ ಯಾವ ಅಂಕಿಯನ್ನು ಎಲ್ಲಿ ನಿರೀಕ್ಷಿಸುತ್ತಾರೆ? ಓದುವ ಹಾಗೆ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಂದವರೇ ಹೆಚ್ಚು.

ಹೀಗೆ 1-2-3 ಮೇಲೇರಿತು. 1963ರ ನವೆಂಬರ್ 18ರಂದು ಪೆನ್ಸಿಲ್ವೇನಿಯಾದ ಕಾರ್ನೆಗಿ ಮತ್ತು ಗ್ರೀನ್ಸ್‌ಬರ್ಗ್ ಊರುಗಳಲ್ಲಿ ಟಚ್-ಟೋನ್ ಫೋನು ಗ್ರಾಹಕರ ಕೈಗೆ ಬಂತು. ಆಗ ಇದ್ದದ್ದು ಹತ್ತೇ ಬಟನ್. ನಕ್ಷತ್ರ ಮತ್ತು ಹ್ಯಾಶ್ 1968ರಲ್ಲಿ ಸೇರಿದವು. ಪ್ರತಿ ಬಟನ್ನೂ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ: ಒಂದು ಅದರ ಅಡ್ಡಸಾಲಿನದು, ಇನ್ನೊಂದು ಕಂಬಸಾಲಿನದು. 5 ಒತ್ತಿದರೆ 770 ಮತ್ತು 1336 ಹರ್ಟ್ಸ್. ಹನ್ನೆರಡು ಬಟನ್‌ಗಳಿಗೆ ಏಳೇ ಸ್ವರ ಸಾಕು. ಎರಡು ಸ್ವರ ಏಕೆಂದರೆ, ಮಾತನಾಡುವ ಮನುಷ್ಯನ ಧ್ವನಿ ಅಕಸ್ಮಾತ್ ಆ ಜೋಡಿಯನ್ನು ಹೊರಡಿಸಿ ಎಕ್ಸ್‌ಚೇಂಜನ್ನು ದಾರಿತಪ್ಪಿಸಬಾರದು ಎಂದು.

ಚಂದ್ರನ ದಾರಿಯ 19 ಬಟನ್‌ಗಳು

ಅದೇ ದಶಕದಲ್ಲಿ, ಒಂದು ಯಂತ್ರದ ಒಡಲಲ್ಲಿ ಅಡಗಿ ಕುಳಿತ ಕಂಪ್ಯೂಟರಿಗೆ ಅದರದೇ ಆದ ಕೀಪ್ಯಾಡ್ ಬೇಕಾಯಿತು. ಅದು ಅಪೋಲೋ ನೌಕೆ. ಎಂಐಟಿಯ ಪ್ರಯೋಗಾಲಯ ರೂಪಿಸಿದ ಅದರ ಮಾರ್ಗದರ್ಶಿ ಕಂಪ್ಯೂಟರಿನಲ್ಲಿ ಬರೆದು ಅಳಿಸಬಹುದಾದ ಸ್ಮೃತಿ 2,048 ಪದಗಳಷ್ಟು ಮಾತ್ರ. ಗಗನಯಾತ್ರಿ ಅದರೊಂದಿಗೆ ಮಾತಾಡಬೇಕಿದ್ದದ್ದು ಡಿಸ್ಕಿ ಎಂದು ಕರೆಯಲಾಗುತ್ತಿದ್ದ ಪೆಟ್ಟಿಗೆಯ ಮೂಲಕ. ಹತ್ತು ಅಂಕಿಗಳು, ಕೂಡು, ಕಳೆ, ಇನ್ನು ಏಳು ಆಜ್ಞಾ ಬಟನ್‌ಗಳು, ಒಟ್ಟು 19. ಮೇಲ್ಭಾಗದಲ್ಲಿ ಐದೈದು ಅಂಕಿಗಳ ಮೂರು ಸಾಲುಗಳನ್ನು ತೋರಿಸುವ ಹಸಿರು ಬೆಳಕಿನ ಫಲಕ. ಬಾಹ್ಯಾಕಾಶದ ಕೈಗವಸು ತೊಟ್ಟ ಬೆರಳಿಗೂ ಸಿಗುವಷ್ಟು ಬಟನ್ನುಗಳು ದೊಡ್ಡವಾಗಿದ್ದವು.

ಇಷ್ಟು ಕಡಿಮೆ ಬಟನ್‌ಗಳಿಂದ ನೂರಾರು ಬಗೆಯ ಕೆಲಸ ಹೇಗೆ ಮಾಡಿಸುವುದು? ರಮೋನ್ ಅಲೋನ್ಸೋ ಮತ್ತು ಸಂಗಡಿಗರು ಕಂಡುಕೊಂಡ ಉಪಾಯ ಕ್ರಿಯಾಪದ ಮತ್ತು ನಾಮಪದ. ವರ್ಬ್ ಬಟನ್ ಒತ್ತಿ ಎರಡಂಕಿ ಕೊಟ್ಟರೆ ಏನು ಮಾಡಬೇಕು ಎಂಬುದು, ನೌನ್ ಬಟನ್ ಒತ್ತಿ ಎರಡಂಕಿ ಕೊಟ್ಟರೆ ಯಾವುದರ ಮೇಲೆ ಮಾಡಬೇಕು ಎಂಬುದು ತಿಳಿಯುತ್ತಿತ್ತು. 1969ರ ಜುಲೈ 20ರಂದು ಚಂದ್ರನ ನೆಲಕ್ಕೆ ಇಳಿಯುತ್ತಿದ್ದಾಗ ಎಚ್ಚರಿಕೆಯ ದೀಪ ಹತ್ತಿಕೊಂಡಿತು. ಸಿಬ್ಬಂದಿ ವರ್ಬ್ 05, ನೌನ್ 09 ಎಂದು ಒತ್ತಿದರು. ಎಚ್ಚರಿಕೆಯ ಸಂಕೇತವನ್ನು ತೋರಿಸು ಎಂಬುದು ಅದರರ್ಥ. ಪರದೆಯಲ್ಲಿ 1202 ಮೂಡಿತು. ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದವರು ಆ ಸಂಖ್ಯೆಯನ್ನು ನೋಡಿ ಮುಂದುವರಿಯಬಹುದು ಎಂದು ತೀರ್ಮಾನಿಸಿದ್ದು ಚರಿತ್ರೆಯಲ್ಲಿ ದಾಖಲಾಗಿದೆ.

ಆದರೆ ಈ ಮಣೆಯಲ್ಲಿ ಒಂದು ಅಪಾಯವೂ ಅಡಗಿತ್ತು. ತಂತ್ರಾಂಶ ತಂಡದ ಮಾರ್ಗರೆಟ್ ಹ್ಯಾಮಿಲ್ಟನ್ ಒಮ್ಮೆ ತಮ್ಮ ಪುಟ್ಟ ಮಗಳನ್ನು ಪ್ರಯೋಗಾಲಯಕ್ಕೆ ಕರೆತಂದಿದ್ದರು. ಮಗು ಅಲ್ಲಿನ ಅನುಕರಣ ಯಂತ್ರದಲ್ಲಿ ಆಟವಾಡುತ್ತ ಬಟನ್‌ಗಳನ್ನು ಒತ್ತಿ, ಹಾರಾಟದ ನಡುವೆ ಉಡಾವಣೆಗೆ ಮುಂಚಿನ ಸಿದ್ಧತಾ ಕಾರ್ಯಕ್ರಮವಾದ 01ನ್ನು ಆರಂಭಿಸಿಬಿಟ್ಟಿತು. ಆ ಯಂತ್ರ ಕುಸಿಯಿತು. ಇಂಥ ತಪ್ಪನ್ನು ತಡೆಯುವ ಸಾಲುಗಳನ್ನು ಸೇರಿಸೋಣ ಎಂದು ಹ್ಯಾಮಿಲ್ಟನ್ ಕೇಳಿಕೊಂಡರು. ತರಬೇತಾದ ಗಗನಯಾತ್ರಿಗಳು ಹಾಗೆ ಮಾಡಲಾರರು ಎಂಬ ಉತ್ತರ ಬಂತು. 1968ರ ಡಿಸೆಂಬರಿನಲ್ಲಿ, ಅಪೋಲೋ 8 ಭೂಮಿಗೆ ಮರಳುತ್ತಿದ್ದಾಗ, ಜಿಮ್ ಲೊವೆಲ್ ನಕ್ಷತ್ರದ ಸಂಖ್ಯೆ 01 ಕೊಡಬೇಕಾದಲ್ಲಿ ಕಾರ್ಯಕ್ರಮ ಸಂಖ್ಯೆ 01ನ್ನು ಆರಂಭಿಸಿದರು. ನೌಕೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಮಾಹಿತಿ ಅಳಿಸಿಹೋಯಿತು. ಲೊವೆಲ್ ನಕ್ಷತ್ರಗಳನ್ನು ಗುರಿಹಿಡಿದು ಎಲ್ಲವನ್ನೂ ಮತ್ತೆ ಹೊಂದಿಸಬೇಕಾಯಿತು. ತಪ್ಪು ಒತ್ತುವುದು ಅಪವಾದವಲ್ಲ, ಬಳಕೆಯದೇ ಒಂದು ಭಾಗ ಎಂಬುದನ್ನು ಯಂತ್ರ ರೂಪಿಸುವವರು ಕಲಿತ ಪ್ರಸಂಗಗಳಲ್ಲಿ ಇದು ಮುಖ್ಯವಾದದ್ದು.

ಅದೇ ಮಣೆ ಒಂದು ಯಾನವನ್ನು ಕಾಪಾಡಿತು ಕೂಡ. 1971ರ ಫೆಬ್ರವರಿಯಲ್ಲಿ ಅಪೋಲೋ 14ರ ಚಂದ್ರನೌಕೆಯ ಇಳಿಯುವಿಕೆ ರದ್ದು ಮಾಡುವ ಸ್ವಿಚ್ಚು, ಯಾರೂ ಮುಟ್ಟದೆಯೇ ಒತ್ತಿದಂತೆ ಸಂಕೇತ ಕಳಿಸತೊಡಗಿತು. ಎಂಐಟಿಯ ಯುವ ಪ್ರೋಗ್ರಾಮರ್ ಡಾನ್ ಐಲ್ಸ್ ಆ ಸಂಕೇತವನ್ನು ಕಂಪ್ಯೂಟರ್ ಕಡೆಗಣಿಸುವ ಹಾಗೆ ಮಾಡುವ ಒತ್ತುಕ್ರಮವೊಂದನ್ನು ಕೆಲವೇ ಗಂಟೆಗಳಲ್ಲಿ ಹೊಸೆದರು. ಗಗನಯಾತ್ರಿ ಎಡ್ಗರ್ ಮಿಚೆಲ್ ಚಂದ್ರನ ಸುತ್ತ ಸುತ್ತುತ್ತಲೇ ಅದನ್ನು ಒಂದೊಂದಾಗಿ ಒತ್ತಿದರು. ನೌಕೆ ಇಳಿಯಿತು.

ಅಡ್ಡಗೆರೆ, ಉದ್ದಗೆರೆ

ಅಪೋಲೋದಂಥ ಮಣೆ ಸಾಮಾನ್ಯರ ಮೇಜಿಗೆ ಬಂದದ್ದು ಜಪಾನಿನ ಒಂದು ಕ್ಯಾಲ್ಕುಲೇಟರ್ ಕಂಪನಿಯ ದೆಸೆಯಿಂದ. ಬ್ಯುಸಿಕಾಂ ತನ್ನ ಯಂತ್ರಕ್ಕೆ ವಿಶೇಷ ಚಿಪ್‌ಗಳನ್ನು ಮಾಡಿಕೊಡಿ ಎಂದು ಇಂಟೆಲ್ ಬಳಿ ಹೋಗಿತ್ತು. ಟೆಡ್ ಹಾಫ್, ಸ್ಟಾನ್ ಮೇಜರ್, ಫೆಡೆರಿಕೊ ಫಾಜಿನ್ ಮತ್ತು ಬ್ಯುಸಿಕಾಂ ಕಡೆಯ ಮಸಾತೋಶಿ ಶಿಮಾ ಸೇರಿ ಕೊಟ್ಟದ್ದು 4004 ಎಂಬ ಮೈಕ್ರೊಪ್ರೊಸೆಸರ್. ಅದು 1971ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ಜೊತೆಗಾರ ಚಿಪ್‌ಗಳಲ್ಲಿ 4003 ಎಂಬುದೊಂದಿತ್ತು. ಕೀಬೋರ್ಡಿನ ಸಾಲುಗಳನ್ನು ಒಂದಾದ ಮೇಲೊಂದು ಎಬ್ಬಿಸಿ ನೋಡುವುದು ಅದರ ಕೆಲಸಗಳಲ್ಲೊಂದು. ಅಂದರೆ ಜಗತ್ತಿನ ಮೊದಲ ಮಾರಾಟದ ಮೈಕ್ರೊಪ್ರೊಸೆಸರ್ ಬದುಕು ಆರಂಭಿಸಿದ್ದೇ ಕೀಪ್ಯಾಡ್ ಕಾಯುವ ಕೆಲಸದಿಂದ.

ಈ ಕಾಯುವ ಬಗೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಹದಿನಾರು ಬಟನ್‌ಗಳಿಗೆ ಹದಿನಾರು ತಂತಿ ಎಳೆಯುವ ಬದಲು ನಾಲ್ಕು ಅಡ್ಡಗೆರೆ, ನಾಲ್ಕು ಉದ್ದಗೆರೆ ಹಾಕಿ, ಚುಕ್ಕಿ ರಂಗೋಲಿಯ ಹಾಗೆ ಅವು ಕೂಡುವ ಒಂದೊಂದು ಜಾಗದಲ್ಲೂ ಒಂದೊಂದು ಬಟನ್ ಇಡುತ್ತಾರೆ. ಎಂಟು ತಂತಿಗೆ ಹದಿನಾರು ಬಟನ್, ಹದಿನಾರು ತಂತಿಗೆ 64 ಬಟನ್. ಚಿಪ್ಪು ಒಂದೊಂದೇ ಅಡ್ಡಗೆರೆಗೆ ವಿದ್ಯುತ್ತು ಹಾಯಿಸಿ, ಯಾವ ಉದ್ದಗೆರೆಯಲ್ಲಿ ಅದು ಕಾಣಿಸಿತು ಎಂದು ನೋಡುತ್ತದೆ. ಸೆಕೆಂಡಿಗೆ ಹಲವಾರು ಸಲ ಈ ಸುತ್ತು ನಡೆಯುತ್ತದೆ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಲೋಹಕ್ಕೆ ಲೋಹ ತಗುಲಿದಾಗ ಅದು ಒಮ್ಮೆಲೇ ನಿಲ್ಲುವುದಿಲ್ಲ. ಕೆಲವು ಮಿಲಿಸೆಕೆಂಡುಗಳ ಕಾಲ ಅದುರುತ್ತದೆ. ಬೆರಳು ಒಮ್ಮೆ ಒತ್ತಿದ್ದನ್ನು ಚಿಪ್ಪು ಐದಾರು ಸಲ ಒತ್ತಿದಂತೆ ಎಣಿಸಬಹುದು. ಹಾಗಾಗಿ ಮೊದಲ ಸುದ್ದಿಯನ್ನು ನಂಬದೆ, ಸ್ವಲ್ಪ ತಾಳಿ, ಮತ್ತೆ ನೋಡಿ ಖಚಿತಪಡಿಸಿಕೊಳ್ಳಬೇಕು. ಎರಡನೆಯದು, ಒಂದು ಚೌಕದ ಮೂರು ಮೂಲೆಗಳ ಬಟನ್‌ಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯ ಮೂಲೆಯದನ್ನೂ ಒತ್ತಿದಂತೆ ತೋರುತ್ತದೆ. ಅದನ್ನು ತಡೆಯಲು ಪ್ರತಿ ಬಟನ್ನಿಗೂ ಒಂದು ಡಯೋಡ್ ಹಾಕಬೇಕು, ಇಲ್ಲವೇ ಎರಡು ಬಟನ್ ಒಟ್ಟಿಗೆ ಒತ್ತಿದರೆ ಒಂದನ್ನೇ ಒಪ್ಪುವ ನಿಯಮ ಇಟ್ಟುಕೊಳ್ಳಬೇಕು.

ಈ ಎರಡೂ ತೊಡಕುಗಳನ್ನು ಮೈಮೇಲೆ ಹೊತ್ತ ಚಿಪ್ಪು ಇಂಟೆಲ್‌ನ 8279. ಅದು 64 ಬಟನ್‌ಗಳವರೆಗೆ ತಾನೇ ಕಾಯುತ್ತಿತ್ತು, ಅದುರುವಿಕೆಯನ್ನು ಸೋಸುತ್ತಿತ್ತು, ಎಂಟು ಒತ್ತುಗಳನ್ನು ಸರದಿಯಲ್ಲಿ ಹಿಡಿದಿಡುತ್ತಿತ್ತು, ಜೊತೆಗೆ ಅಂಕಿಫಲಕವನ್ನೂ ಬೆಳಗುತ್ತಿತ್ತು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಒಂದಿಡೀ ತಲೆಮಾರು ಇದನ್ನು ಬಲ್ಲದು. 8085 ಕಿಟ್ಟಿನ ಮುಂದೆ ಕುಳಿತು, 0ಯಿಂದ ಎಫ್‌ವರೆಗಿನ ಹದಿನಾರು ಬಟನ್‌ಗಳಲ್ಲಿ ಪ್ರೋಗ್ರಾಮನ್ನು ಒಂದೊಂದೇ ಬೈಟಾಗಿ ತುಂಬಿಸಿ, ಕೆಂಪು ಅಂಕಿಗಳಲ್ಲಿ ಉತ್ತರ ಮೂಡುವುದನ್ನು ಕಾದು ನೋಡಿದವರು ಅವರು. ಬಟನ್ನೊಂದರ ಹಿಂದೆ ಎಷ್ಟು ಕೆಲಸವಿದೆ ಎಂಬುದನ್ನು ಕೈಯಾರೆ ಕಂಡವರು.

ದೂರವಾಣಿನಗರ, ಕಿತ್ತೂರು

ನಮ್ಮ ದೇಶದಲ್ಲಿ ಬಟನ್ ಫೋನು ಮನೆಗೆ ಬಂದದ್ದು ತಡವಾಗಿ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆ ದಶಕಗಳ ಕಾಲ ದೇಶಕ್ಕೆ ಕೊಟ್ಟದ್ದು ಬೆರಳು ಹಾಕಿ ತಿರುಗಿಸುವ ಡಯಲ್ಲಿನ ಫೋನನ್ನು. 1980ರ ದಶಕದಲ್ಲಿ ಬಟನ್ ಫೋನುಗಳು ಬಂದಾಗ ಒಂದು ಇಕ್ಕಟ್ಟು ಎದುರಾಯಿತು. ಹಳೆಯ ಎಕ್ಸ್‌ಚೇಂಜುಗಳಿಗೆ ಸ್ವರ ತಿಳಿಯುತ್ತಿರಲಿಲ್ಲ. ಡಯಲ್ಲು ಹಿಂದಿರುಗುವಾಗ ಬರುವ ತುಂಡು ತುಂಡು ವಿದ್ಯುತ್ತಷ್ಟೇ ಅವುಗಳ ಭಾಷೆ. ಅದಕ್ಕೇ ಆ ಫೋನುಗಳ ಬದಿಯಲ್ಲಿ ಪಿ (ಪಲ್ಸ್) ಮತ್ತು ಟಿ (ಟೋನ್) ಎಂಬ ಸಣ್ಣ ಸ್ವಿಚ್ಚು ಇರುತ್ತಿತ್ತು. ಪಿ ಎಂದಿಟ್ಟರೆ, ಬೆರಳು ಸರಸರನೆ ಆರು ಅಂಕಿ ಒತ್ತಿ ಮುಗಿಸಿದರೂ ಫೋನು ಅವನ್ನು ನೆನಪಿಟ್ಟುಕೊಂಡು ಟಕಟಕನೆ ಹಳೆಯ ಡಯಲ್ಲಿನ ಲಯದಲ್ಲೇ ಕಳಿಸುತ್ತಿತ್ತು.

ಹೊಸ ಭಾಷೆ ಬಲ್ಲ ಎಕ್ಸ್‌ಚೇಂಜು ಹಳ್ಳಿಗಳಿಗೆ ಬಂದದ್ದು ಸಿ-ಡಾಟ್ ಮೂಲಕ. 1984ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ, ಹವಾನಿಯಂತ್ರಿತ ಕೊಠಡಿ ಬೇಡದ, ಧೂಳು ಬಿಸಿಲು ತಡೆಯುವ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲನೆಯದು 1986ರಲ್ಲಿ ನೆಲೆಗೊಂಡದ್ದು ನಮ್ಮ ಕಿತ್ತೂರಿನಲ್ಲಿ.

ಎರಡು ಮತಯಂತ್ರಗಳು

ಕೀಪ್ಯಾಡ್ ಮತ್ತು ಪರದೆಯನ್ನು ಹೇಗೆ ಜೋಡಿಸಬೇಕು ಎಂಬ ಪ್ರಶ್ನೆಗೆ ಎರಡು ದೊಡ್ಡ ಪ್ರಜಾಪ್ರಭುತ್ವಗಳು ಎರಡು ಬೇರೆ ಉತ್ತರ ಕೊಟ್ಟಿವೆ. ಒಂದು ಭಾರತ, ಇನ್ನೊಂದು ಬ್ರೆಜಿಲ್.

ನಮ್ಮ ಚುನಾವಣಾ ಆಯೋಗ 1977ರಲ್ಲಿ ವಿದ್ಯುನ್ಮಾನ ಮತಯಂತ್ರದ ಯೋಚನೆ ಮುಂದಿಟ್ಟಿತು. ಹೈದರಾಬಾದಿನ ಇಸಿಐಎಲ್ ಮತ್ತು ಬೆಂಗಳೂರಿನ ಬಿಇಎಲ್ ಅದನ್ನು ಕೈಗೆತ್ತಿಕೊಂಡವು. ಬಿಇಎಲ್‌ನಲ್ಲಿ ಈ ಕೆಲಸದ ಮುಂದಾಳಾಗಿದ್ದವರಲ್ಲಿ ಎಸ್. ರಂಗರಾಜನ್ ಒಬ್ಬರು, ತಮಿಳು ಓದುಗರಿಗೆ ಅವರು ಸುಜಾತಾ ಎಂಬ ಹೆಸರಿನ ಜನಪ್ರಿಯ ಕಾದಂಬರಿಕಾರ. ಯಂತ್ರದ ಹೊರರೂಪವನ್ನು ತಿದ್ದಿದವರು ಐಐಟಿ ಮುಂಬಯಿಯ ವಿನ್ಯಾಸ ಕೇಂದ್ರದ ಎ. ಜಿ. ರಾವ್ ಮತ್ತು ರವಿ ಪೂವಯ್ಯ. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದರ ಮೊದಲ ಬಳಕೆಯಾಯಿತು. ಕಾನೂನಿನಲ್ಲಿ ಅವಕಾಶವಿಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. 1988ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳಲ್ಲೂ ಇದೇ ಯಂತ್ರ.

ಈ ಯಂತ್ರದ ಮತದಾನ ಘಟಕದಲ್ಲಿ ಪರದೆಯೇ ಇಲ್ಲ, ಅಂಕಿಗಳನ್ನು ಒತ್ತುವ ಗೋಜೂ ಇಲ್ಲ. ಹದಿನಾರು ನೀಲಿ ಬಟನ್‌ಗಳ ಒಂದೇ ಕಂಬಸಾಲು. ಪ್ರತಿ ಬಟನ್ನಿನ ಪಕ್ಕ ಅಭ್ಯರ್ಥಿಯ ಹೆಸರು ಮತ್ತು ಚಿಹ್ನೆ ಅಚ್ಚಾದ ಕಾಗದ. ಆ ಕಾಗದವನ್ನು ಪ್ರತಿ ಚುನಾವಣೆಗೂ ಹೊಸದಾಗಿ ಒಳಗೆ ಸೇರಿಸುತ್ತಾರೆ. ಅಭ್ಯರ್ಥಿಗಳಿಲ್ಲದ ಬಟನ್‌ಗಳನ್ನು ಮುಚ್ಚುತ್ತಾರೆ. ಬಟನ್ನಿನ ಅರ್ಥವನ್ನು ಚಿಪ್ಪಿನೊಳಗೆ ಬರೆಯದೆ ಕಾಗದದ ಮೇಲೆ ಬರೆದದ್ದು ಇದರ ಜಾಣ್ಮೆ. ಯಂತ್ರಕ್ಕೆ ಗೊತ್ತಿರುವುದು ಮೂರನೆಯ ಬಟನ್, ಏಳನೆಯ ಬಟನ್ ಎಂಬುದು ಮಾತ್ರ. ಬೀದರಿನಲ್ಲಿ ಕನ್ನಡ ಕಾಗದ, ಬರಂಪುರದಲ್ಲಿ ಒಡಿಯಾ ಕಾಗದ, ಯಂತ್ರ ಒಂದೇ. ಅಕ್ಷರ ಬಾರದ ಮತದಾರ ಚಿಹ್ನೆ ನೋಡಿ ಅದರ ಪಕ್ಕದ ನೀಲಿ ಬಟನ್ ಒತ್ತಿದರೆ ಕೆಂಪು ದೀಪ ಹತ್ತಿ, ಉದ್ದನೆಯ ಬೀಪ್ ಶಬ್ದ ಬರುತ್ತದೆ. ಮತಗಟ್ಟೆ ಅಧಿಕಾರಿ ತನ್ನ ಬಳಿಯ ನಿಯಂತ್ರಣ ಘಟಕದಲ್ಲಿ ಮತ್ತೆ ಬ್ಯಾಲೆಟ್ ಬಟನ್ ಒತ್ತುವವರೆಗೆ ಈಚೆ ಎಷ್ಟು ಸಲ ಒತ್ತಿದರೂ ಯಂತ್ರ ಕಿವಿಗೊಡುವುದಿಲ್ಲ. ನಂತರದ ಯಂತ್ರಗಳಲ್ಲಿ ಬಟನ್‌ಗಳ ಪಕ್ಕ ಬ್ರೈಲ್ ಅಂಕಿಗಳೂ ಸೇರಿದವು.

ಬ್ರೆಜಿಲ್ 1996ರ ನಗರಸಭಾ ಚುನಾವಣೆಗಳಲ್ಲಿ ತನ್ನ ಯಂತ್ರವನ್ನು ಹೊರತಂದಿತು. 2000ದ ಹೊತ್ತಿಗೆ ಅದು ಇಡೀ ದೇಶವನ್ನು ತಲುಪಿತು. ಅಲ್ಲಿ ಅಭ್ಯರ್ಥಿಗಳ ಸಂಖ್ಯೆ ನೂರಾರು ಇರಬಹುದಾದ್ದರಿಂದ ಒಬ್ಬೊಬ್ಬರಿಗೂ ಒಂದು ಬಟನ್ ಕೊಡುವುದು ಆಗದ ಮಾತು. ಹಾಗಾಗಿ ಪ್ರತಿ ಅಭ್ಯರ್ಥಿಗೂ ಒಂದು ಸಂಖ್ಯೆ. ಯಂತ್ರದ ಬಲಬದಿಯಲ್ಲಿ ಟೆಲಿಫೋನಿನ ಕ್ರಮದ ಅಂಕಿಮಣೆ, ಎಡಬದಿಯಲ್ಲಿ ಪರದೆ. ಮಣೆಯ ಕೆಳಗೆ ಮೂರು ಬಣ್ಣದ ಬಟನ್: ಯಾರಿಗೂ ಹಾಕದ ಮತಕ್ಕೆ ಬಿಳಿ, ತಿದ್ದಿಕೊಳ್ಳಲು ಕಿತ್ತಳೆ, ಖಚಿತಪಡಿಸಲು ಹಸಿರು. ಸಂಖ್ಯೆ ಒತ್ತಿದೊಡನೆ ಪರದೆಯಲ್ಲಿ ಅಭ್ಯರ್ಥಿಯ ಮುಖ ಮೂಡುತ್ತದೆ. ಮುಖ ತನ್ನವರದೇ ಎಂದು ನೋಡಿಕೊಂಡು ಮತದಾರ ಹಸಿರು ಒತ್ತುತ್ತಾನೆ. ಟೆಲಿಫೋನ್ ಬಳಸಿ ಗೊತ್ತಿದ್ದವರಿಗೆ ಮಣೆ ಹೊಸದೆನಿಸಲಿಲ್ಲ.

ಈ ಬದಲಾವಣೆಯ ಫಲವನ್ನು ಅರ್ಥಶಾಸ್ತ್ರಜ್ಞ ಥಾಮಸ್ ಫುಜಿವಾರ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಕಾಗದದಲ್ಲಿ ಹೆಸರು ಬರೆಯಬೇಕಿದ್ದ ಕಾಲದಲ್ಲಿ ಓದುಬರಹ ಕಡಿಮೆಯಿದ್ದವರ ಮತಗಳು ದೊಡ್ಡ ಪ್ರಮಾಣದಲ್ಲಿ ಅಸಿಂಧುವಾಗುತ್ತಿದ್ದವು. ಯಂತ್ರ ಬಂದ ಮೇಲೆ ಅವು ಎಣಿಕೆಗೆ ಸೇರಿದವು. ಬಡವರ ಮತಕ್ಕೆ ಬೆಲೆ ಬಂದಂತೆ ಸರ್ಕಾರಗಳು ಆರೋಗ್ಯಕ್ಕೆ ಹೆಚ್ಚು ಹಣ ಕೊಟ್ಟವು. ತೂಕ ಕಡಿಮೆಯಿರುವ ಶಿಶುಗಳ ಜನನವೂ ತಗ್ಗಿತು. ಒಂದು ಅಂಕಿಮಣೆ, ಒಂದು ಭಾವಚಿತ್ರ, ಒಂದು ಹಸಿರು ಬಟನ್ ಸರಿಯಾದ ಜಾಗದಲ್ಲಿ ಕೂತರೆ ಎಷ್ಟು ದೂರದವರೆಗೆ ಪರಿಣಾಮ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ನಿದರ್ಶನ ಸಿಗುವುದು ಕಷ್ಟ.

ಪರದೆಯೊಳಗಿನ ಕೆಲಸ

ಬಟನ್ ಮತ್ತು ಪರದೆಯ ಇಂಥ ಜೋಡಣೆಯನ್ನು ಬ್ರೆಜಿಲಿನ ಯಂತ್ರಕ್ಕೂ ಮೊದಲೇ ಜನರ ನಿತ್ಯಬಳಕೆಗೆ ತಂದದ್ದು ಎಟಿಎಂ. ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1967ರ ಜೂನ್ 27ರಂದು ಬಾರ್ಕ್ಲೇಸ್ ಬ್ಯಾಂಕು ಇಟ್ಟ ಯಂತ್ರದ ಹಿಂದಿದ್ದವರು ಷಿಲ್ಲಾಂಗಿನಲ್ಲಿ ಹುಟ್ಟಿದ ಜಾನ್ ಶೆಫರ್ಡ್-ಬ್ಯಾರನ್. ಗುಪ್ತಸಂಖ್ಯೆಗೆ ಆರಂಕಿ ಇಡಬೇಕೆಂದಿದ್ದ ಅವರು, ನಾಲ್ಕಕ್ಕಿಂತ ಹೆಚ್ಚು ನೆನಪಿಡಲಾಗದು ಎಂದು ಹೆಂಡತಿ ಹೇಳಿದ್ದರಿಂದ ನಾಲ್ಕಕ್ಕೆ ಇಳಿಸಿದರಂತೆ. ಎಟಿಎಂಗಳಿಗೆ ಪರದೆ ಬಂದ ಮೇಲೆ ಅದರ ಎರಡೂ ಬದಿಗೆ ಹೆಸರಿಲ್ಲದ ಬಟನ್‌ಗಳು ಬಂದವು. ಬಟನ್ನಿನ ಎದುರು ಪರದೆಯಲ್ಲಿ ಏನು ಬರೆದಿದೆಯೋ ಆ ಕ್ಷಣಕ್ಕೆ ಅದೇ ಅದರ ಅರ್ಥ. ನಮ್ಮ ದೇಶದ ಮೊದಲ ಎಟಿಎಂ 1987ರಲ್ಲಿ ಮುಂಬಯಿಯಲ್ಲಿ ಬಂತು.

ಚಿತ್ರಮಯ ಪರದೆಯ ಸಣ್ಣ ಯಂತ್ರಗಳು ಹೆಚ್ಚಾದಂತೆ ಕೆಲಸ ಇನ್ನಷ್ಟು ಸೂಕ್ಷ್ಮವಾಯಿತು. ಪರದೆಯನ್ನೇ ಮುಟ್ಟಿದರೆ ಯಂತ್ರಕ್ಕೆ ಜಾಗ ತಿಳಿಯುತ್ತದೆ: ಇಲ್ಲಿ ಮುಟ್ಟಿದರು, ಇಲ್ಲಿರುವುದು ಈ ಆಯ್ಕೆ. ಬಟನ್ ಒತ್ತಿದರೆ ಜಾಗ ತಿಳಿಯದು, ಒಂದು ಸಂಖ್ಯೆಯಷ್ಟೇ ಬರುತ್ತದೆ. ಆ ಸಂಖ್ಯೆ ಪರದೆಯ ಮೇಲಿನ ಯಾವ ಆಯ್ಕೆಗೆ ಸಲ್ಲಬೇಕು? ಅದಕ್ಕಾಗಿ ಪರದೆಯಲ್ಲಿ ಯಾವಾಗಲೂ ಒಂದು ಆಯ್ಕೆ ಸರದಿಯಲ್ಲಿರಬೇಕು, ಅದರ ಅಂಚು ಬೇರೆ ಬಣ್ಣದಲ್ಲಿ ಹೊಳೆಯಬೇಕು. ಬಾಣದ ಬಟನ್ ಒತ್ತಿದರೆ ಸರದಿ ಮುಂದಿನದಕ್ಕೆ ಸರಿಯಬೇಕು, ಎಂಟರ್ ಒತ್ತಿದರೆ ಸರದಿಯಲ್ಲಿರುವುದು ನಡೆಯಬೇಕು.

ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಚೆಕ್ ಪ್ರೋಗ್ರಾಮರ್ ವೊಯ್ತೆಕ್ ಪಾವ್ಲಿಕ್ ರೂಪಿಸಿದ ಇನ್‌ಪುಟ್ ಪದರ ಈ ಕೆಲಸವನ್ನು ಸೊಗಸಾಗಿ ವಿಂಗಡಿಸಿತು. ತಂತಿ ಗೆರೆಗಳನ್ನು ಕಾಯುವವನು ಕೆಳಗಿನ ಡ್ರೈವರ್. ಮೂರನೆಯ ಸಾಲು, ಎರಡನೆಯ ಕಂಬ ಎಂಬುದನ್ನು ಒಂದು ಗೊತ್ತಾದ ಬಟನ್ ಹೆಸರಿಗೆ ಹೊಂದಿಸುವುದು ನಡುವಿನ ಪಟ್ಟಿ. ಅದನ್ನು ಪಡೆದು ಚಿತ್ರ ಬದಲಿಸುವುದು ಮೇಲಿನ ತಂತ್ರಾಂಶ. ಹೀಗೆ ವಿಂಗಡಿಸಿದ್ದರಿಂದ ಕಾರ್ಖಾನೆಯವರು ತಮ್ಮದೇ ಬಟನ್‌ಗಳ ಹೊಸ ಮಣೆ ಮಾಡಿದಾಗ ನಡುವಿನ ಪಟ್ಟಿಯನ್ನು ತಿದ್ದಿದರೆ ಸಾಕಾಯಿತು. ಇನ್ನೂ ಸಣ್ಣ ಚಿಪ್‌ಗಳಿಗಾಗಿ ಹಂಗೇರಿಯ ಗಾಬೊರ್ ಕಿಶ್-ವಾಮೊಶಿ 2016ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ, ಪರದೆಯ ಚಿತ್ರ ಬಿಡಿಸುವ ತಂತ್ರಾಂಶವಾದ ಎಲ್‌ವಿಜಿಎಲ್‌ನಲ್ಲೂ ಇದೇ ಮರ್ಯಾದೆ: ಒತ್ತಿದ ಬಟನ್ ಯಾವುದು ಎಂದು ಹೇಳುವ ಪುಟ್ಟ ಫಂಕ್ಷನ್ನೊಂದನ್ನು ಯಂತ್ರ ಮಾಡುವವರು ಬರೆದುಕೊಡಬೇಕು, ಆಯ್ಕೆಗಳನ್ನು ಒಂದು ಗುಂಪಿಗೆ ಸೇರಿಸಬೇಕು, ಮುಂದೆ ಸರದಿಯನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಬರೆಯುವುದು ಕೆಲವೇ ಸಾಲು. ಯಾವ ಆಯ್ಕೆಯ ನಂತರ ಯಾವುದು ಬರಬೇಕು ಎಂದು ತೀರ್ಮಾನಿಸುವುದೇ ನಿಜವಾದ ಕೆಲಸ.

ಹನ್ನೆರಡು ಬಟನ್, ನಲವತ್ತೊಂಬತ್ತು ಅಕ್ಷರ

ಕನ್ನಡಕ್ಕೆ ಈ ಕೆಲಸ ಇನ್ನೂ ಕಠಿಣವಾಗಿತ್ತು. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಸಾವಿರಾರು ರೂಪಗಳು. ಅವನ್ನು ಇಂಗ್ಲಿಷಿನ 26 ಬಟನ್‌ಗಳಲ್ಲೇ ಹೊಂದಿಸಿದವರು ಕಿನ್ನಿಕಂಬಳದ ಕೆ. ಪಿ. ರಾವ್. ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದದ್ದು ಅವರ ದಾರಿ: ವ್ಯಂಜನ ಒತ್ತಿ ಸ್ವರ ಒತ್ತಿದರೆ ಕಾಗುಣಿತ, ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಕೂಡಿಸುವ ಕೆಲಸ ತಂತ್ರಾಂಶದ್ದು. ರಾಜ್ಯ ಸರ್ಕಾರ ಅದನ್ನೇ ಆಧಾರವಾಗಿಟ್ಟುಕೊಂಡು ಶಿಷ್ಟತೆ ರೂಪಿಸಿತು; ನುಡಿ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೂ ಹೋಯಿತು.

ಮೊಬೈಲಿನಲ್ಲಿ ಇದ್ದದ್ದು ಹನ್ನೆರಡೇ ಬಟನ್. ನೋಕಿಯಾ 1100 ಎಂಬ 2003ರ ಫೋನು, ಧೂಳು ಒಳಹೋಗದ ರಬ್ಬರ್ ಮಣೆಯಿಂದ ಹೊಲಗದ್ದೆಯವರಿಗೂ ಒಗ್ಗಿತು, ಆದರೆ ಒಂದು ಅಕ್ಷರಕ್ಕೆ ಮೂರು ನಾಲ್ಕು ಸಲ ಒತ್ತುವ ಪದ್ಧತಿ ಭಾರತೀಯ ಭಾಷೆಗಳಿಗೆ ಹಿಂಸೆಯಾಗಿತ್ತು. ನೊಯ್ಡಾದ ಲೂನಾ ಎರ್ಗಾನಾಮಿಕ್ಸ್ ತಂದ ಪಾಣಿನಿ ಕೀಪ್ಯಾಡ್ ಬೇರೆ ಉಪಾಯ ಹುಡುಕಿತು. ಬಟನ್ನಿನ ಮೇಲೆ ಅಕ್ಷರ ಅಚ್ಚು ಹಾಕುವ ಬದಲು, ಮುಂದೆ ಬರುವ ಸಂಭವ ಹೆಚ್ಚಿರುವ ಅಕ್ಷರಗಳನ್ನು ಬಟನ್‌ಗಳ ಕ್ರಮದಲ್ಲೇ ಪರದೆಯ ಮೇಲೆ ಜೋಡಿಸಿ ತೋರಿಸಿತು. ಒಂದು ಅಕ್ಷರ ಒತ್ತಿದೊಡನೆ ಪಟ್ಟಿ ಬದಲಾಗುತ್ತಿತ್ತು. ಅದಕ್ಕೂ ಮೊದಲೇ, 2001ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಬೆಂಗಳೂರಿನ ಎನ್‌ಕೋರ್ ಸಂಸ್ಥೆ ಸೇರಿ ಸಿಂಪ್ಯೂಟರ್ ತೋರಿಸಿದ್ದರು. ಕನ್ನಡವನ್ನು ಓದಿ ಹೇಳಬಲ್ಲ, ಪರದೆಯನ್ನು ಮುಟ್ಟಿ ನಡೆಸಬಹುದಾದ ಅಂಗೈ ಕಂಪ್ಯೂಟರ್ ಅದು. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಹೆಸರಿನಲ್ಲಿ ತಯಾರಿಸಿತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೆ ಇಂಗ್ಲಿಷ್ ಬಾರದವರನ್ನು ಮೊದಲು ನೆನೆದು ಯಂತ್ರ ಮಾಡಬಹುದು ಎಂಬುದನ್ನು ಬೆಂಗಳೂರು ಅಂದೇ ತೋರಿಸಿಕೊಟ್ಟಿತು.

ಬಟನ್ ಮರಳಿದೆ

2007ರಲ್ಲಿ ಐಫೋನ್ ಬಂದ ಮೇಲೆ ಭೌತಿಕ ಬಟನ್‌ಗಳ ಕಾಲ ಮುಗಿಯಿತು ಎಂದು ಬಹಳ ಜನ ನಂಬಿದರು. ಗಾಜಿನ ಮೇಲೆ ಬೇಕಾದ ಮಣೆ ಬಿಡಿಸಿ, ಬೇಡವಾದಾಗ ಅಳಿಸುವುದು ಸುಲಭ, ಅಗ್ಗ. ಆದರೆ ಗಾಜನ್ನು ನೋಡದೆ ಒತ್ತಲಾಗದು. ದೃಷ್ಟಿಯಿಲ್ಲದವರಿಗೆ 5ರ ಮೇಲಿನ ಸಣ್ಣ ಉಬ್ಬು ದಾರಿ ತೋರುತ್ತಿತ್ತು. ಬಟನ್ನಿಲ್ಲದ ಕಾರ್ಡ್ ಯಂತ್ರದ ಮುಂದೆ ಅವರು ತಮ್ಮ ಗುಪ್ತಸಂಖ್ಯೆಯನ್ನು ಇನ್ನೊಬ್ಬರಿಗೆ ಹೇಳಿ ಒತ್ತಿಸಬೇಕಾದ ಪರಿಸ್ಥಿತಿ ಬರುತ್ತದೆ.

2017ರ ಆಗಸ್ಟಿನಲ್ಲಿ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲದ ಹಡಗಿಗೆ ಅಡ್ಡಬಂದು ಹತ್ತು ನಾವಿಕರು ಸತ್ತರು. ಚುಕ್ಕಾಣಿ ಮತ್ತು ವೇಗದ ನಿಯಂತ್ರಣಕ್ಕೆ ಇಟ್ಟಿದ್ದ ಸ್ಪರ್ಶಪರದೆಯ ವಿನ್ಯಾಸವೂ ಅವಘಡದ ಕಾರಣಗಳಲ್ಲೊಂದು ಎಂದು ತನಿಖೆ ಹೇಳಿತು; ನೌಕಾಪಡೆ ತನ್ನ ಹಡಗುಗಳಿಗೆ ಕೈಗೆ ಸಿಗುವ ಹಿಡಿಕೆಗಳನ್ನು ಮರಳಿ ತರಲು 2019ರಲ್ಲಿ ನಿರ್ಧರಿಸಿತು. ಕಾರುಗಳ ಸುರಕ್ಷತೆ ಅಳೆಯುವ ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಅಪಾಯದ ದೀಪ, ವೈಪರ್, ಹಾರ್ನ್, ತುರ್ತು ಕರೆ ಇವಕ್ಕೆ ಭೌತಿಕ ನಿಯಂತ್ರಣ ಇಟ್ಟವರಿಗೆ ಅಂಕ ಕೊಡುವ ನಿಯಮ ತಂದಿದೆ.

ನಮ್ಮ ರಾಜ್ಯದಲ್ಲಿ ದಿನವೂ ಲಕ್ಷಾಂತರ ಬೆರಳುಗಳು ಇಂಥ ಮಣೆಗಳ ಮೇಲೆ ಓಡುತ್ತವೆ. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಟಿಕೆಟ್ ತೆಗೆಯುವ ನಿರ್ವಾಹಕಿ, ಬೆಳಗಿನ ಜಾವ ಒದ್ದೆ ಕೈಯಲ್ಲಿ ಸದಸ್ಯರ ಸಂಖ್ಯೆ ಒತ್ತುವ ಹಾಲಿನ ಸಂಘದ ಕಾರ್ಯದರ್ಶಿ, ಬಿಸಿಲಿನಲ್ಲಿ ಪರದೆ ಕಾಣದೆ ಕೈ ಅಡ್ಡ ಹಿಡಿಯುವ ಮೀಟರ್ ಓದುವವರು. ಅವರ ಯಂತ್ರಗಳನ್ನು ರೂಪಿಸುವ ಎಂಜಿನಿಯರುಗಳಲ್ಲಿ ಎಷ್ಟೋ ಜನ ಇದೇ ನಾಡಿನ ಕಾಲೇಜುಗಳಲ್ಲಿ ಓದಿ ಬಂದವರು. ಬಟನ್‌ಗಳ ಜಾಗ ಗಟ್ಟಿ ಮಾಡುವ ಮೊದಲು ಆ ಬಸ್ಸಿನಲ್ಲಿ ಒಂದು ದಿನ ನಿಲ್ಲಿ, ಆ ಹಾಲಿನ ಸಂಘದಲ್ಲಿ ಒಂದು ಬೆಳಗ್ಗೆ ಕೂರಿ. ಯಾವ ಬಟನ್ ಎಷ್ಟು ಸಲ ತಪ್ಪುತ್ತದೆ ಎಂದು ಎಣಿಸಿ, ಪರದೆಯ ಮಾತನ್ನು ಕನ್ನಡದಲ್ಲಿ ಬರೆಯಿರಿ. ಕಾರ್ಲಿನ್ ತಂಡ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಮಾಡಿದ್ದು ಇಂಥದೇ ಕೆಲಸ. ಇಂದು ಅದಕ್ಕೆ ಬೇಕಾದ ಸಲಕರಣೆ ಅಗ್ಗವಾಗಿದೆ, ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಮಣೆಯನ್ನು ಬದಲಿಸಲು ಒಂದು ಪಟ್ಟಿಯನ್ನು ತಿದ್ದಿದರೆ ಸಾಕು.